ನಾಲ್ಕನೆಯ ಬೋರು ಕೊರೆಸಲೇ, ಬೇಡವೇ? ಇಂಡಿ ಭಾಗದ ನಿಂಬೆ ತೋಟದ ಪ್ರಶ್ನೆ

ಇಂಡಿ ನಿಂಬೆ ಬೆಳೆಗಾರ (14 ಏಪ್ರಿಲ್ 2024)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹದಿನೈದು ದಿನಗಳಿಂದ ಒಂದೇ ಮಾತು ನಡೆದಿದೆ, ಬಗೆಹರಿಯುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಒಟ್ಟು 9 ಎಕರೆ. 6 ಎಕರೆ ಎರೆ, ಅಂದರೆ ಕಪ್ಪುಮಣ್ಣು; 3 ಎಕರೆ ಮಡ್ಡಿ, ಅಂದರೆ ಕಲ್ಲು ಬೆರೆತ ತೆಳುಮಣ್ಣು. ಮಡ್ಡಿಯಲ್ಲಿ 300 ನಿಂಬೆ ಗಿಡಗಳಿವೆ, 14 ವರ್ಷದವು. ಮೊದಲ ಬೋರಿಗೆ 280 ಅಡಿಯಲ್ಲಿ ಎರಡೂವರೆ ಇಂಚು ನೀರು ಸಿಕ್ಕಿತ್ತು. 2016ರ ಬೇಸಿಗೆಯಲ್ಲಿ ಅದು ನಿಂತಿತು. ಎರಡನೆಯದು 450 ಅಡಿ. ಕಳೆದ ದೀಪಾವಳಿಯಿಂದ ದಿನಕ್ಕೆ ಇಪ್ಪತ್ತು ನಿಮಿಷ ನೀರೆತ್ತಿ ಉಸಿರು ಬಿಡುತ್ತಿದೆ. ಮೂರನೆಯದನ್ನು ಈ ಫೆಬ್ರುವರಿಯಲ್ಲಿ 620 ಅಡಿಯವರೆಗೆ ಇಳಿಸಿದೆವು. ರಾತ್ರಿಯಿಡೀ ಯಂತ್ರ ಗುಡುಗಿತು, ಬಂದದ್ದು ಬರೀ ದೂಳು. ಬೆಳಗಾದಾಗ ಹತ್ತಿರದ ಗಿಡಗಳ ಮೇಲೆಲ್ಲ ಬೂದಿಬಣ್ಣದ ಕಲ್ಲುಹುಡಿ ಕುಳಿತಿತ್ತು. ನನ್ನ ಹೆಂಡತಿ ಸೆರಗಿನ ತುದಿಯಿಂದ ಒಂದು ಗಿಡದ ಎಲೆಗಳನ್ನು ಒರೆಸುತ್ತ ನಿಂತಿದ್ದಳು. ನಾನು ಅವಳಿಗೆ ಏನೂ ಹೇಳಲಿಲ್ಲ.

ಈಗ ವಾರಕ್ಕೆ ಮೂರು ಟ್ಯಾಂಕರ್ ಹಾಕಿಸುತ್ತಿದ್ದೇನೆ. ಒಂದು ಟ್ಯಾಂಕರಿನ 5,000 ಲೀಟರನ್ನು 300 ಗಿಡಕ್ಕೆ ಹಂಚಿದರೆ ಒಂದೊಂದಕ್ಕೆ ಹದಿನಾರು ಲೀಟರ್ ಚಿಲ್ಲರೆ, ಎರಡು ಕೊಡವೂ ತುಂಬುವುದಿಲ್ಲ. ಬೇಸಿಗೆಯ ಕಾಯಿಗೇ ಬೆಲೆ, ಆ ಬೇಸಿಗೆಯಲ್ಲೇ ನೀರಿಲ್ಲ. ಮಗ ಹೇಳುತ್ತಾನೆ: ಬಂಗಾರ ಅಡವಿಟ್ಟು 800 ಅಡಿ ಕೊರೆಸೋಣ, ಇಲ್ಲವಾದರೆ ಹದಿನಾಲ್ಕು ವರ್ಷದ ದುಡಿಮೆ ಕಣ್ಣೆದುರಿಗೇ ಒಣಗುತ್ತದೆ. ಅವನ ಮಾತು ತಪ್ಪೆನ್ನಲು ನನ್ನ ಬಾಯಿ ಬರುತ್ತಿಲ್ಲ, ಹೂಂ ಎನ್ನಲು ಧೈರ್ಯವೂ ಬರುತ್ತಿಲ್ಲ. ತಿಳಿದವರು ಹೇಳಿ.

ತಿಕೋಟಾ ದ್ರಾಕ್ಷಿ ತೋಟ (14 ಏಪ್ರಿಲ್)

ಕಾಕಾ, ಗಿಡಗಳನ್ನು ಸಾಯಲು ಬಿಡಬೇಡಿ. ನಾನು 2019ರಲ್ಲಿ ಎರಡು ಎಕರೆ ದ್ರಾಕ್ಷಿಯನ್ನು ಕಡಿದು ಹಾಕಿದವನು. ಬಳ್ಳಿ ಕಡಿಯುವ ದಿನ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಆಮೇಲೆ ಅಣ್ಣನ ಹೊಲದಲ್ಲಿ 700 ಅಡಿಗೆ ನೀರು ಬಿತ್ತು, ಇವತ್ತಿಗೂ ನಡೆದಿದೆ. ಮಗ ಹೇಳುವುದರಲ್ಲಿ ಅರ್ಥವಿದೆ. ಹಣ್ಣಿನ ಗಿಡ ಎಂದರೆ ಜೋಳವಲ್ಲ, ಈ ವರ್ಷ ಹೋದರೆ ಮುಂದಿನ ವರ್ಷ ಬಿತ್ತಿಕೊಳ್ಳಲು.

ಬೋರ್ ಗಾಡಿಯಲ್ಲಿದ್ದವನು (14 ಏಪ್ರಿಲ್, ರಾತ್ರಿ)

ಹನ್ನೊಂದು ವರ್ಷ ಬೋರು ಕೊರೆಯುವ ಗಾಡಿಯಲ್ಲಿ ದುಡಿದಿದ್ದೇನೆ. ಈಗ ಬಿಟ್ಟಿದ್ದೇನೆ. ಇಂಡಿ, ಚಡಚಣ, ಸಿಂದಗಿ ಕಡೆ ಎಷ್ಟು ರಂಧ್ರ ಹೊಡೆದೆವೆಂದು ಲೆಕ್ಕವಿಲ್ಲ. ಹಾಗಾಗಿ ಇದನ್ನು ಓದಿ ಸುಮ್ಮನೆ ಕೂರಲು ಆಗಲಿಲ್ಲ.

ನಮ್ಮ ಭಾಗದ ಕೆಳಗಿರುವುದು ಕರಿಕಲ್ಲು. ಲಾವಾ ಪದರ ಪದರವಾಗಿ ಹರಿದು ತಣಿದು ಆದ ಬಸಾಲ್ಟ್ ಬಂಡೆ. ಈ ಕಲ್ಲು ಮರಳಿನ ಹಾಗೆ ಮೈತುಂಬ ನೀರು ಹಿಡಿಯುವುದಿಲ್ಲ. ನೀರು ಇರುವುದು ಎರಡು ಜಾಗದಲ್ಲಿ. ಒಂದು, ಮೇಲೆ ಕಲ್ಲು ಕೊಳೆತು ಸಡಿಲವಾದ ಮೊರಮಿನಲ್ಲಿ. ಇನ್ನೊಂದು, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮತ್ತು ಒಂದು ಲಾವಾ ಪದರ ಇನ್ನೊಂದರ ಮೇಲೆ ಕೂತ ಸಂದಿನಲ್ಲಿ. ಮಳೆಗಾಲದಲ್ಲಿ ತುಂಬುವುದು ಮೊರಮು. ಆಳದ ಬಿರುಕಿಗೆ ನೀರು ಇಳಿಯಬೇಕಾದರೆ ಅದು ಮೇಲಿನಿಂದಲೇ ಬರಬೇಕು, ಅದೂ ಹಲವು ವರ್ಷ ತೆಗೆದುಕೊಂಡು. ಮೇಲಿನ ಮಡಕೆ ಬರಿದಾಗಿರುವಾಗ ಕೆಳಗಿನ ಮಡಕೆ ಎಲ್ಲಿಂದ ತುಂಬುತ್ತದೆ?

ತಿಕೋಟಾದ ಅಣ್ಣಾವರೆ, 700 ಅಡಿಗೆ ನೀರು ಸಿಕ್ಕದ್ದು ಸುಳ್ಳೆನ್ನುವುದಿಲ್ಲ. ಸಿಕ್ಕ ಹೊಲದ ಸುದ್ದಿ ಹತ್ತು ಊರಿಗೆ ಹಬ್ಬುತ್ತದೆ. ಸಿಗದ ಹೊಲದವನು ಬಾಯಿ ಬಿಡುವುದಿಲ್ಲ, ಸಾಲಗಾರರ ಕಿವಿಗೆ ಬೀಳುತ್ತದೆಂದು. ನಾನು ಎರಡೂ ಬಗೆಯ ಅಂಗಳದಲ್ಲಿ ನಿಂತಿದ್ದೇನೆ. ಗಾಡಿಯವನಿಗೆ ಅಡಿಯ ಲೆಕ್ಕದಲ್ಲಿ ಹಣ, ನೀರಿನ ಲೆಕ್ಕದಲ್ಲಿ ಅಲ್ಲ. "ಇನ್ನೂ ಐವತ್ತು ಅಡಿ ಹೋಗೋಣ" ಎಂದು ಬೆಳಗಿನ ಜಾವ ನಾವೇ ಹೇಳುತ್ತಿದ್ದೆವು. ಆ ಹೊತ್ತಿನಲ್ಲಿ ಬೇಡ ಎನ್ನುವ ರೈತನನ್ನು ನಾನು ಕಂಡಿಲ್ಲ.

620 ಅಡಿಗೆ ದೂಳು ಬಂದ ಜಾಗದ ಪಕ್ಕದಲ್ಲಿ 800ಕ್ಕೆ ಹೋಗಬೇಡಿ, ಯಜಮಾನರೆ. ಇನ್ನೊಂದು ಮಾತು: ಆ ಮೂರನೆಯ ರಂಧ್ರದ ಬಾಯಿ ಮುಚ್ಚಿದ್ದೀರಾ? ಇದೇ ತಿಂಗಳು ನಿಮ್ಮದೇ ತಾಲ್ಲೂಕಿನ ಲಚ್ಯಾಣದಲ್ಲಿ ಮಗು ಬಿದ್ದದ್ದು ಗೊತ್ತಲ್ಲ. ಸುಮಾರು ಇಪ್ಪತ್ತು ಗಂಟೆ ಒಳಗಿತ್ತು, ದೇವರ ದಯೆಯಿಂದ ಬದುಕಿ ಬಂತು. ಮೊದಲು ಅದನ್ನು ಮುಚ್ಚಿಸಿ, ಆಮೇಲೆ ಮುಂದಿನ ಮಾತು.

ಇಂಡಿ ನಿಂಬೆ ಬೆಳೆಗಾರ (15 ಏಪ್ರಿಲ್)

ಚಪ್ಪಡಿ ಕಲ್ಲು ಇಟ್ಟಿದ್ದೆವು. ನಿಮ್ಮ ಮಾತು ಓದಿ ಇವತ್ತು ಬೆಳಿಗ್ಗೆ ಕಬ್ಬಿಣದ ಮುಚ್ಚಳ ಹಾಕಿಸಿ ಬೆಸುಗೆ ಮಾಡಿಸಿದೆ. ಉಪಕಾರವಾಯಿತು.

ಆದರೆ ಒಂದು ವಿಷಯ ನನಗೆ ತಿಳಿಯುತ್ತಿಲ್ಲ. ನಮ್ಮ ತಂದೆಯ ಕಾಲದಲ್ಲೂ ಬರ ಬರುತ್ತಿತ್ತು. ನಮ್ಮ ವಿಜಯಪುರ ಜಿಲ್ಲೆಗೆ ಬರದ ಜಿಲ್ಲೆ ಎಂಬ ಹೆಸರು ಇವತ್ತಿನದಲ್ಲ. ಆದರೂ ಮಳೆ ಆದ ವರ್ಷದಲ್ಲೂ ಫೆಬ್ರುವರಿಗೇ ನೀರು ಹೋಗುವುದು ಇತ್ತೀಚೆಗೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ದಂಡೆಯ ಊರುಗಳ ಹೊಲ ತೊಳೆದು ಹೋಯಿತು, 2023ರಲ್ಲಿ ಬಿತ್ತಿದ ತೊಗರಿ ಹೂವಿಗೆ ಬರಲಿಲ್ಲ. ಒಂದೇ ಊರು, ಮೂರೇ ವರ್ಷ. ಇದು ಏನು?

ಪ್ರೌಢಶಾಲೆಯ ಶಿಕ್ಷಕಿ, ಮುದ್ದೇಬಿಹಾಳ (15 ಏಪ್ರಿಲ್)

ನಾನು ಭೂಗೋಳ ಕಲಿಸುವವಳು, ಆದಷ್ಟು ಹೇಳಲು ನೋಡುತ್ತೇನೆ.

ಗಾಳಿ ಬಿಸಿಯಾದಂತೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಹೆಚ್ಚುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ನೂರಕ್ಕೆ ಏಳರಷ್ಟು. ಇದರಿಂದ ಎರಡು ತೊಂದರೆ ಒಟ್ಟಿಗೇ ಆಗುತ್ತವೆ. ಮೋಡ ಸುರಿಸುವ ದಿನ ಒಮ್ಮೆಲೇ ಸುರಿಸುತ್ತದೆ. ಸುರಿಸದ ದಿನ ಅದೇ ಬಿಸಿ ಗಾಳಿ ಹೊಲ, ಕೆರೆ, ಎಲೆ ಎಲ್ಲದರಿಂದ ನೀರು ಹೀರುತ್ತದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಕೇಳಲು ಸಣ್ಣ ಅಂಕಿ. ಕಳೆದ ವರ್ಷ, ಅಂದರೆ 2023, ಭೂಮಿಯ ಮೇಲೆ ಅಲ್ಲಿಯವರೆಗೆ ದಾಖಲಾದ ಅತ್ಯಂತ ಬಿಸಿಯ ವರ್ಷ. ಅದಕ್ಕೆ ಶಾಂತ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಬೇರೆ ಸೇರಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು.

ನಮ್ಮಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ. ಆ ಅಂಕಿ ಒಂದು ವರ್ಷ ಕೈಗೂಡಿದರೂ ಅದು ನಲವತ್ತು ದಿನ ಹಂಚಿ ಬಿತ್ತೋ, ಎಂಟು ದಿನದಲ್ಲಿ ಬಡಿದು ಹೋಯಿತೋ ಎಂಬುದರ ಮೇಲೆ ನಿಮ್ಮ ಬೋರಿನ ಹಣೆಬರಹ ನಿಂತಿದೆ. ಜೋರಾಗಿ ಬಿದ್ದ ಮಳೆ ಮಡ್ಡಿಯಲ್ಲಿ ನಿಲ್ಲದೆ ಹಳ್ಳ ಸೇರುತ್ತದೆ. ಎರೆಯಲ್ಲೂ ಮೇಲಿನ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡ ಮೇಲೆ ಒಳಗೆ ಇಳಿಯುವುದು ನಿಧಾನ.

ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳು ಶಾಲೆಯ ಮಾಳಿಗೆಯ ಮೇಲೆ ಎರಡು ಸ್ಟೀಲ್ ತಾಟಿನಲ್ಲಿ ನೀರಿಟ್ಟರು. ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಜೋಳದ ಒಣದಂಟಿನ ಕಣಿಕೆ ಹೊದಿಸಿ. ಎರಡು ದಿನಕ್ಕೆ ಬಿಸಿಲಿನ ತಾಟಿನಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ನೀರು ಇಳಿದಿತ್ತು. ಕಣಿಕೆಯ ಕೆಳಗಿನದು ಅದರ ಅರ್ಧದಷ್ಟೂ ಇಳಿದಿರಲಿಲ್ಲ. ಒಬ್ಬ ಹುಡುಗಿ ಕೇಳಿದಳು: "ಹಾಗಾದರೆ ಆಲಮಟ್ಟಿಯಿಂದ ದಿನಾ ಎಷ್ಟು ಹೋಗುತ್ತದೆ, ಟೀಚರ್?" ಅಷ್ಟು ಅಗಲದ ನೀರಿನ ಮೈಮೇಲೆ ಒಂದು ಗೆಣ್ಣು ಎಂದರೆ ಎಷ್ಟಾದೀತು ಎಂದು ಮಕ್ಕಳೇ ಹಲಗೆಯ ಮೇಲೆ ಸೊನ್ನೆ ಬರೆಯುತ್ತ ಹೋದರು.

ಎರೆ ಹೊಲದ ಹಿರಿಯ, ಬಸವನ ಬಾಗೇವಾಡಿ (16 ಏಪ್ರಿಲ್)

ಮೊಮ್ಮಗ ಬರೆದುಕೊಡುತ್ತಿದ್ದಾನೆ, ಮಾತು ನನ್ನದು.

1972ರ ಬರದಲ್ಲಿ ನನಗೆ ಹತ್ತೊಂಬತ್ತು. ರಸ್ತೆ ಕೆಲಸಕ್ಕೆ ಜಲ್ಲಿ ಒಡೆದಿದ್ದೇನೆ, ಹೊರದೇಶದ ಕೆಂಪು ಜೋಳದ ರೊಟ್ಟಿ ತಿಂದಿದ್ದೇನೆ. ಆಗ ಬಾವಿಯೂ ಬತ್ತಿತ್ತು. ಆದರೆ ಮರುವರ್ಷ ಮಳೆಯಾದದ್ದೇ ತಡ, ಬಾವಿಗೆ ನೀರು ಬಂತು. ಏಕೆಂದರೆ ಕೆಳಗಿನದನ್ನು ನಾವು ಮುಟ್ಟಿರಲಿಲ್ಲ, ಮುಟ್ಟುವ ಯಂತ್ರವೂ ಇರಲಿಲ್ಲ.

ನಮ್ಮ ಅಪ್ಪ ನೀರು ಎಂದರೆ ಬಾವಿ ನೋಡುತ್ತಿರಲಿಲ್ಲ, ಮಣ್ಣು ನೋಡುತ್ತಿದ್ದ. ಹಸ್ತಿ ಮಳೆ ಹೋದ ಮೇಲೆ ಹೊಲಕ್ಕೆ ಹೋಗಿ ಮೊಣಕೈವರೆಗೆ ತೋಡಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕುತ್ತಿದ್ದ. ಕೈ ಬಿಚ್ಚಿದಾಗ ಬೆರಳಿನ ಗುರುತು ಮೂಡಿ ಉಂಡೆ ನಿಂತರೆ "ಹಸಿ ಇದೆ, ಕೂರಿಗೆ ಹೂಡು" ಎನ್ನುತ್ತಿದ್ದ. ಆಮೇಲೆ ಒಂದು ಹನಿ ಬೀಳದಿದ್ದರೂ ಮಾಲದಂಡಿ ಜೋಳ ಆ ಹಸಿಯ ಮೇಲೆಯೇ ತೆನೆ ಹಾಯುತ್ತಿತ್ತು. ಅದು ಪುಕ್ಕಟೆ ಬಂದ ಹಸಿಯಲ್ಲ. ಮುಂಗಾರಿಯಲ್ಲೇ ಹೊಲವನ್ನು ಚೌಕುಮಡಿ, ಅಂದರೆ ಸುತ್ತ ಸಣ್ಣ ಬದುವಿನ ಚೌಕ ಮಡಿ ಮಾಡಿ, ಬಿದ್ದ ನೀರನ್ನು ಬಿದ್ದಲ್ಲೇ ಕೂಡಿಸುತ್ತಿದ್ದೆವು. ಜೋಳ ಎದ್ದ ಮೇಲೆ ಮೂರು ಸಲ ಎಡೆ ಹೊಡೆದು ಸಾಲಿನ ನಡುವಿನ ಮಣ್ಣು ಸಡಿಲಿಸುತ್ತಿದ್ದೆವು. ಕಳೆ ಇಲ್ಲದಿದ್ದರೂ ಹೊಡೆಯುತ್ತಿದ್ದೆವು. ಎರೆ ಬಿರಿದರೆ ಆ ಬಿರುಕಿನಿಂದ ಹಸಿ ಹಾರಿ ಹೋಗುತ್ತದೆ, ಎಡೆಯ ಪುಡಿಮಣ್ಣು ಬಿರುಕಿನ ಬಾಯಿ ಕಟ್ಟುತ್ತದೆ. ನಮ್ಮ ಡೋಣಿ ಹೊಳೆಯ ಸೀಮೆಯ "ಡೋಣಿ ಬೆಳೆದರೆ ಓಣಿ ತುಂಬ ಜೋಳ" ಎಂಬ ಮಾತು ಇಂಥ ದುಡಿಮೆಯಿಂದ ಬಂದದ್ದು.

ಈಗ ಬದುಗಳನ್ನೇ ಟ್ರ್ಯಾಕ್ಟರಿಗೆ ಅಡ್ಡ ಎಂದು ಕಿತ್ತು ಹಾಕಿದ್ದಾರೆ. ನಮ್ಮ ಊರಿನಲ್ಲೇ ನೋಡುತ್ತಿದ್ದೇನೆ. ನಿನ್ನ ಆರು ಎಕರೆ ಎರೆಯಲ್ಲಿ ಬದು ಉಳಿದಿದೆಯೇನಪ್ಪ?

ಹೊಸ ತಲೆಮಾರಿನ ರೈತ, ದೇವರ ಹಿಪ್ಪರಗಿ (16 ಏಪ್ರಿಲ್)

ಅಜ್ಜಾವರೆ, ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ಜೋಳ ಬೆಳೆದು ಮಗಳ ಕಾಲೇಜಿನ ಶುಲ್ಕ ಕಟ್ಟುವುದು ಹೇಗೆ? ನಮ್ಮನ್ನು ನಿಂಬೆ, ದ್ರಾಕ್ಷಿ, ದಾಳಿಂಬೆಗೆ ಕರೆತಂದದ್ದು ದುರಾಸೆ ಅಲ್ಲ. ಇಂಡಿ ನಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಗಿಡ ಬಿಡಿ, ಹಸಿ ನೋಡಿ ಎಂದರೆ ನಾವು ಎಲ್ಲಿಗೆ ಹೋಗಬೇಕು, ಗೋವೆಗೆ ಗುಳೆಯೇ? ನೀರು ಉಳಿಸುವ ಭಾರವನ್ನೆಲ್ಲ ಬಡ ಒಕ್ಕಲಿಗನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಮೊದಲು ಕೃಷ್ಣೆಯಲ್ಲಿ ನಮ್ಮ ಪಾಲಿನ ನೀರು ಪೂರ್ತಿ ನಮಗೆ ಬರಲಿ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರಿಗೇ ನಿಂತಿದೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ 524.256 ಮೀಟರಿಗೆ ಒಪ್ಪಿದೆ.

ಕಾಲುವೆ ಅಂಚಿನ ಒಕ್ಕಲಿಗ (16 ಏಪ್ರಿಲ್)

ತಮ್ಮಾ, ಎತ್ತರ ಹೆಚ್ಚಾಗಲಿ, ನಾನೂ ಬಯಸುತ್ತೇನೆ, ಆದರೆ ಅದಕ್ಕಾಗಿ ಮುಳುಗುವವರ ಹೊಲಮನೆಯ ಲೆಕ್ಕ ಮೊದಲು ಚುಕ್ತಾ ಆಗಲಿ. ಹಳೆಯ ಬಾಗಲಕೋಟೆಯ ಓಣಿಗಳು ಹಿನ್ನೀರಿನಲ್ಲಿ ಹೋದದ್ದನ್ನು ನಮ್ಮ ಬೀಗರು ಇವತ್ತಿಗೂ ಹೇಳಿ ಕಣ್ಣೀರು ಹಾಕುತ್ತಾರೆ.

ಕಾಲುವೆ ಬಂದ ಮೇಲೆ ಏನಾಗುತ್ತದೆ ಎಂದೂ ಕೇಳು. ನಮ್ಮ ನಾಲ್ಕು ಎಕರೆಗೆ ಹದಿನೆಂಟು ವರ್ಷದ ಹಿಂದೆ ನೀರು ಬಂತು. ಎಲ್ಲರೂ ಕಬ್ಬು ಹಾಕಿದೆವು, ಹರಿಬಿಟ್ಟ ನೀರು ಹಗಲು ರಾತ್ರಿ ಹರಿಯಿತು. ಎರೆಗೆ ಬಸಿಯುವ ಗುಣ ಕಡಿಮೆ. ಇವತ್ತು ಒಂದೂವರೆ ಎಕರೆ ಉಪ್ಪೆದ್ದು ಸವಳು, ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ತಗ್ಗಿನಲ್ಲಿ ಅರ್ಧ ಎಕರೆ ಜವಳು, ಎತ್ತು ಹೂತು ಹೋಗುತ್ತದೆ. ಕಾಲುವೆಯ ಕೊನೆಯಲ್ಲಿರುವ ಊರಿಗೆ ಹನಿ ತಲುಪುವುದಿಲ್ಲ, ತಲೆಯಲ್ಲಿರುವ ನಮ್ಮ ಹೊಲ ನೀರಿನಿಂದಲೇ ಕೆಟ್ಟಿತು.

ಬಬಲೇಶ್ವರ ಕಡೆಯವರು (17 ಏಪ್ರಿಲ್)

ಇನ್ನೊಂದು ಬದಿಯೂ ಇರಲಿ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಕೆರೆಗೆ ಬಂದ ಮೇಲೆ ಕೆರೆಯ ಸುತ್ತಲಿನ ಬೋರುಗಳು ಜೀವ ಹಿಡಿದಿವೆ. ಕೆರೆ ತುಂಬಿದ ರಾತ್ರಿ ಊರಿನ ಹೆಂಗಸರು ಆರತಿ ಹಿಡಿದು ಹೋದರು. ಹೊರಗಿನ ನೀರು ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಬಂದ ನೀರಿಗೆ ಬೋರಿನ ಪೈಪೋಟಿ ಶುರುವಾಗಿದೆ ಎಂಬುದನ್ನೂ ಒಪ್ಪುತ್ತೇನೆ. ಕೆರೆಯ ಕೆಳಗೆ ಎರಡು ವರ್ಷದಲ್ಲಿ ನಾನೇ ಎಣಿಸಿದಂತೆ ಇಪ್ಪತ್ತಮೂರು ಹೊಸ ಬೋರು.

ಚಡಚಣದ ಮನೆಯಾಕೆ (17 ಏಪ್ರಿಲ್)

ಎಲ್ಲರೂ ಗಿಡದ ನೀರು, ಹೊಲದ ನೀರು ಬರೆದಿರಿ. ಕುಡಿಯುವ ನೀರನ್ನು ಯಾರು ಹೊರುತ್ತಾರೆ ಎಂದು ಯಾರೂ ಬರೆಯಲಿಲ್ಲ.

ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತದೆ, ರಾತ್ರಿ ಎರಡಕ್ಕೆ. ಬಂದ ಸಪ್ಪಳಕ್ಕೆ ಏಳಬೇಕೆಂದು ಖಾಲಿ ಕೊಡವನ್ನು ನಳದ ಕೆಳಗೆ ಇಟ್ಟೇ ಮಲಗುತ್ತೇನೆ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ಕೊಡದ ತಳಕ್ಕೆ ಹನಿ ಟಣ್ ಎನ್ನುತ್ತದೆ. ಆ ಸದ್ದಿಗೆ ಎದ್ದರೆ ನಾಲ್ಕರವರೆಗೆ ಹಿಡಿಯಬೇಕು. ಬೆಳಿಗ್ಗೆ ಮಗಳು ತರಗತಿಯಲ್ಲಿ ತೂಕಡಿಸಿದಳೆಂದು ಶಾಲೆಯಿಂದ ಹೇಳಿ ಕಳಿಸುತ್ತಾರೆ. ಪಕ್ಕದ ತಾಂಡಾದಲ್ಲಿ ಅದೂ ಇಲ್ಲ. ಅಲ್ಲಿ ಅರ್ಧ ಮನೆಗೆ ಬೀಗ, ಜನ ಮಹಾರಾಷ್ಟ್ರಕ್ಕೆ ದುಡಿಯಲು ಹೋಗಿದ್ದಾರೆ, ಮುದುಕರು ಮಾತ್ರ ಇದ್ದಾರೆ.

ಇಂಡಿಯ ಅಣ್ಣಾವರೆ, ಕೋಪಿಸಿಕೊಳ್ಳಬೇಡಿ. ನೀವು 800 ಅಡಿಗೆ ಹೋಗಿ ನೀರು ಸಿಕ್ಕರೂ ಊರಿನ ಕೈಪಂಪಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಯೋಚಿಸಿ. ಅಡವಿಡುವುದು ವೈನಿಯವರ ಬಂಗಾರ. ಅವರನ್ನು ಯಾರಾದರೂ ಕೇಳಿದ್ದೀರಾ?

ಇಂಡಿ ನಿಂಬೆ ಬೆಳೆಗಾರ (17 ಏಪ್ರಿಲ್, ರಾತ್ರಿ)

ತಂಗಿ, ಕೇಳಿರಲಿಲ್ಲ. ಇವತ್ತು ಊಟದ ಹೊತ್ತಿನಲ್ಲಿ ಹೆಂಡತಿಯನ್ನು ಕೇಳಿದೆ. "ಮೊದಲೆರಡು ಬೋರಿಗೆ ಎತ್ತು ಹೋದವು, ಮೂರನೆಯದಕ್ಕೆ ಸೊಸೈಟಿಯ ಸಾಲ ಆಯಿತು, ನಾಲ್ಕನೆಯದಕ್ಕೆ ನನ್ನ ಕೊರಳು ಉಳಿದಿದೆ" ಎಂದಳು. ಮಗ ತಟ್ಟೆ ಬಿಟ್ಟು ಎದ್ದು ಹೋದ.

ವಿಜಯಪುರ ನಗರವಾಸಿ (18 ಏಪ್ರಿಲ್)

ನಾನು ಒಕ್ಕಲಿಗನಲ್ಲ, ತಾಜ್ ಬಾವಡಿ ಎಂಬ ಹಳೆಯ ಬಾವಿಯ ಹತ್ತಿರ ಬೆಳೆದವನು. ಆದರೂ ಒಂದು ಮಾತು ಸೇರಿಸಬೇಕೆನಿಸಿತು.

ಈ ಊರಿನಲ್ಲಿ ನದಿ ಇಲ್ಲ. ಆದಿಲ್ ಶಾಹಿಗಳು ಇಲ್ಲಿ ರಾಜಧಾನಿ ಕಟ್ಟಿ ಲಕ್ಷಗಟ್ಟಲೆ ಜನಕ್ಕೆ ನೀರು ಕೊಟ್ಟರು. 1579ರಲ್ಲಿ ಚಾಂದ್ ಬಾವಡಿ, 1620ರ ಹೊತ್ತಿಗೆ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಹರಿದು ಬರುತ್ತಿತ್ತು. ಬೇಗಂ ತಲಾಬಿನಿಂದ ಬಂದದ್ದು ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳಿದ್ದವು. ನೀರಿನ ಒತ್ತಡದಿಂದ ಕೊಳವೆ ಒಡೆಯಬಾರದೆಂದು, ಹೂಳು ತಳಕ್ಕೆ ಕೂರಲೆಂದು. ಕೆಲವು ಇವತ್ತೂ ನಿಂತಿವೆ, ಅದರ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತೇವೆ. ನೀರನ್ನು ನೆಲದ ಕೆಳಗೆ ತಂದುದರಲ್ಲಿ ನನಗೆ ಕಾಣುವ ದೊಡ್ಡ ಜಾಣತನವೆಂದರೆ, ಬಿಸಿಲು ಅದನ್ನು ಕುಡಿಯಲಾಗದು. ಶಿಕ್ಷಕಿಯವರ ತಾಟಿನ ಪ್ರಯೋಗ ಓದಿದಾಗ ಅದೇ ನೆನಪಾಯಿತು.

ಬೋರ್ ಗಾಡಿಯಲ್ಲಿದ್ದವನು (18 ಏಪ್ರಿಲ್)

ಯಜಮಾನರೆ, ಹಾಗಾದರೆ ಲೆಕ್ಕ ಮಾಡೋಣ. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್. ನಿಮ್ಮ 3 ಎಕರೆ ತೋಟದ ಮೇಲೆ 600 ಮಿ.ಮೀ. ಬಿದ್ದರೆ 72 ಲಕ್ಷ ಲೀಟರ್, ಅಂದರೆ 1,400ಕ್ಕೂ ಹೆಚ್ಚು ಟ್ಯಾಂಕರ್. ಎಲ್ಲವನ್ನೂ ಹಿಡಿಯಲಾಗದು, ಹಿಡಿಯಲೂಬಾರದು, ಕೆಳಗಿನ ಹೊಲದವರೂ ಬದುಕಬೇಕು. ಹತ್ತರಲ್ಲಿ ಒಂದು ಪಾಲು ನಿಂತರೂ ಈಗಿನ ಸ್ಥಿತಿಯಲ್ಲಿ ಇರಲಾರಿರಿ.

ಮೊದಲ ಬೋರಿನ ಸುತ್ತ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಆಳದ ಗುಂಡಿ ತೆಗೆಸಿ. ಗುಂಡಿಯೊಳಗೆ ಬರುವ ಬೋರಿನ ಕೇಸಿಂಗ್ ಪೈಪಿಗೆ ತೂತು ಹಾಕಿಸಿ ನೈಲಾನ್ ಜಾಲರಿ ಸುತ್ತಿಸಿ. ತಳಕ್ಕೆ ದೊಡ್ಡ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಹರಿದು ಬರುವ ಕೆಸರು ನೀರನ್ನು ನೇರವಾಗಿ ಬಿಡಬೇಡಿ, ಮೊದಲು ಸಣ್ಣ ಗುಂಡಿಯಲ್ಲಿ ಹೂಳು ಕೂರಲಿ. ಗೊಬ್ಬರ ಕರಗಿದ ನೀರು ಹೋಗದಂತೆ ನೋಡಿ. 280 ಅಡಿಯ ಬೋರು ಒಮ್ಮೆ ಒಳ್ಳೆಯ ನೀರು ಕೊಟ್ಟಿದೆ ಎಂದರೆ ಅದಕ್ಕೆ ಬಿರುಕಿನ ದಾರಿ ಇದೆ. ಬಂದ ದಾರಿಯಲ್ಲೇ ಮರಳಿ ಕಳಿಸಬಹುದು. 620 ಅಡಿಯದಕ್ಕೆ ದಾರಿಯೇ ಇಲ್ಲ, ಅದನ್ನು ಹಾಗೇ ಮುಚ್ಚಿಡಿ. ಇದು ಒಂದೇ ಮಳೆಗಾಲದಲ್ಲಿ ಆಗುವ ಕೆಲಸವೆಂದು ನಾನು ಹೇಳುವುದಿಲ್ಲ.

ತಿಕೋಟಾ ದ್ರಾಕ್ಷಿ ತೋಟ (19 ಏಪ್ರಿಲ್)

ನಾನು ಮೊದಲು ಬರೆದದ್ದನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ಗಿಡ ಕಡಿದ ನೋವು ಕಡಿದವನಿಗೇ ಗೊತ್ತು. ಆದರೆ ಕಾಕಾ, 300 ಗಿಡಕ್ಕೂ ಅರೆಹೊಟ್ಟೆ ಕುಡಿಸುವ ಬದಲು ಗಟ್ಟಿ ಇರುವ 180ನ್ನು ಆರಿಸಿ ಅವಕ್ಕಷ್ಟೇ ಕುಡಿಸಿ. ಉಳಿದವನ್ನು ಅರ್ಧಕ್ಕೆ ಸವರಿ ಬಿಡಿ, ಎಲೆ ಕಡಿಮೆಯಾದರೆ ಬೇಡಿಕೆ ಕಡಿಮೆ. ಈ ವರ್ಷ ಹೂ, ಕಾಯಿ ಉದುರಿಸಿಬಿಡಿ. ಬುಡಕ್ಕೆ ಕಬ್ಬಿನ ಒಣಗರಿ, ಅಂದರೆ ರವದಿ, ಗೇಣು ದಪ್ಪ ಹಾಕಿ, ಕಾಂಡಕ್ಕೆ ತಾಗದ ಹಾಗೆ. ನನಗೆ ಆಗ ಯಾರೂ ಇದನ್ನು ಹೇಳಿರಲಿಲ್ಲ. ರವದಿ ಬೇಕಾದರೆ ನನ್ನ ಟ್ರ್ಯಾಕ್ಟರಿನಲ್ಲಿ ಎರಡು ಗಾಡಿ ಕಳಿಸುತ್ತೇನೆ, ಡೀಸೆಲ್ ಹಣವನ್ನೂ ಕೊಡಬೇಡಿ.

ಇಂಡಿ ನಿಂಬೆ ಬೆಳೆಗಾರ (11 ಜೂನ್)

ಐವತ್ತು ದಿನ ಬರೆಯಲಿಲ್ಲ, ಕ್ಷಮೆ ಇರಲಿ.

ಬೋರು ಕೊರೆಸಲಿಲ್ಲ. ತಿಕೋಟಾದ ಅಣ್ಣಾವರು ಹೇಳಿದ ಮಾತಿನಂತೆ ರವದಿ ಕಳಿಸಿದರು. ಗಿಡ ಆರಿಸುವ ಕೆಲಸವನ್ನು ಹೆಂಡತಿಗೇ ಬಿಟ್ಟೆ. ಎಲ್ಲ ಗಿಡಗಳನ್ನೂ ಅವಳೇ ಬೆಳೆಸಿದ್ದು. 190 ಗಿಡಗಳಿಗೆ ಅವಳು ಹಳೆಯ ಸೀರೆಯ ಹಸಿರು ಚಿಂದಿ ಕಟ್ಟಿದಳು. ಉಳಿದವನ್ನು ಸವರುವ ದಿನ ಹೊಲಕ್ಕೆ ಬರಲಿಲ್ಲ. ಅವುಗಳಲ್ಲಿ ಮೂವತ್ತೊಂದು ಒಣಗಿದವು.

ಗುಂಡಿಯನ್ನು ಮೇ ತಿಂಗಳಲ್ಲಿ ತೆಗೆಸಿದೆವು. ಬಾಗೇವಾಡಿಯ ಅಜ್ಜಾವರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ: ನಮ್ಮ ಎರೆಯಲ್ಲಿ ಬದು ಉಳಿದಿರಲಿಲ್ಲ, ನಾನೇ ಕಿತ್ತಿಸಿದ್ದೆ. ಈಗ ಎರಡು ಎಕರೆಗೆ ಹಾಕಿಸಿದ್ದೇವೆ. ಮಗ ಮಾತು ಕಡಿಮೆ ಮಾಡಿದ್ದಾನೆ, ಆದರೆ ಬದು ಹಾಕುವ ದಿನ ಸನಿಕೆ ಹಿಡಿದು ಬಂದ.

ಮೊನ್ನೆ ರಾತ್ರಿ ಒಂದೂವರೆ ತಾಸು ಮಳೆ ಬಡಿಯಿತು. ಬ್ಯಾಟರಿ ಹಿಡಿದು ಇಬ್ಬರೂ ಗುಂಡಿಯ ದಂಡೆಯಲ್ಲಿ ನಿಂತಿದ್ದೆವು. ಹೂಳಿನ ಗುಂಡಿ ತುಂಬಿ ನೀರು ಈಚೆಗೆ ಜಾರಿತು, ಮರಳಿನ ಮೇಲೆ ಮೊಣಕಾಲುದ್ದ ನಿಂತಿತು. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದಾಗ ಮರಳು ಹಸಿಯಾಗಿತ್ತು, ನೀರು ಇರಲಿಲ್ಲ. ಮಗ ಬೋರಿನ ಬಾಯಿಗೆ ಕಿವಿ ಇಟ್ಟು ಬಹಳ ಹೊತ್ತು ಕೂತಿದ್ದ. ಮೋಟಾರನ್ನು ಈ ಮಳೆಗಾಲ ಮುಗಿಯುವವರೆಗೆ ಇಳಿಸುವುದಿಲ್ಲವೆಂದು ಮಾತಾಗಿದೆ.

ಚೌಕುಮಡಿ ಎಷ್ಟು ಅಳತೆಯದು ಹಾಕಬೇಕು, ಅಜ್ಜಾವರೆ? ಹೊಲ ಪಶ್ಚಿಮಕ್ಕೆ ಸ್ವಲ್ಪ ಇಳಿಜಾರು ಇದೆ.